ವಿಪ್ಪಿನ ಬೇರು ಬೇಟೆಯ ಬಯಲಲ್ಲಿ

ಬೆಂಗಳೂರಿನಿಂದ ಹೊರಟ ರಾತ್ರಿ ಬಸ್ಸು ಶಂಶಾಬಾದ್ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಬೆಳಕು ಹರಿಯುತ್ತಿರುತ್ತದೆ. ಪರದೆ ಸರಿಸಿದರೆ ಒಂದರ ಮೇಲೊಂದು ಪೇರಿಸಿಟ್ಟಂಥ ಕಲ್ಲುಗುಂಡುಗಳು, ನಡುವೆ ಕುರುಚಲು, ತಲೆಯ ಮೇಲೆ ಇಳಿಯಲು ತವಕಿಸುವ ವಿಮಾನ. ಕ್ಲೀನರ್ ಬಾಗಿಲಿಗೆ ಜೋತುಬಿದ್ದು ‘ಆರಾಂಘರ್, ಆರಾಂಘರ್’ ಎಂದು ಕೂಗಲು ಶುರುಮಾಡಿದನೆಂದರೆ ಹೈದರಾಬಾದ್ ಬಂತು ಎಂದೇ ಲೆಕ್ಕ.

2018ರ ಮೇ 18ರಂದು ಇದೇ ಹೈದರಾಬಾದಿಗೆ ಕರ್ನಾಟಕದಿಂದ ವಿಶೇಷ ಪ್ರಯಾಣಿಕರು ಬಸ್ಸುಗಳಲ್ಲಿ ಬಂದಿಳಿದರು. ಹಿಂದಿನ ದಿನವಷ್ಟೇ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಬಹುಮತದ ಪರೀಕ್ಷೆ ಬಾಕಿ ಇತ್ತು. ಕಾಂಗ್ರೆಸ್ ಮತ್ತು ಜೆಡಿಎಸ್ ತಮ್ಮ ಶಾಸಕರು ಚದುರದಂತೆ ರಾತ್ರೋರಾತ್ರಿ ರಾಜ್ಯದ ಗಡಿ ದಾಟಿಸಿದ್ದವು. ಮೇ 19ರಂದು ಯಡಿಯೂರಪ್ಪ ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. ಆ ಮೂರು ದಿನ ಕನ್ನಡದ ಪತ್ರಿಕೆಗಳಲ್ಲೂ ಟೀವಿಗಳಲ್ಲೂ ಒಂದು ಪುಟ್ಟ ಪದ ಪದೇ ಪದೇ ಬಂತು: ವಿಪ್. ವಿಪ್ ಜಾರಿ, ವಿಪ್ ಉಲ್ಲಂಘನೆ, ವಿಪ್ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು.

ವಿಪ್ ಎಂದರೆ ಚಾಟಿ ಎಂಬುದು ಎಲ್ಲರಿಗೂ ಗೊತ್ತು. ಆ ಚಾಟಿ ಯಾರ ಕೈಯಲ್ಲಿತ್ತು, ಯಾರ ಬೆನ್ನಿಗಾಗಿ ಇತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದು ಇದ್ದದ್ದು ಕುದುರೆಯ ಮೇಲೆ ಕೂತ ಒಬ್ಬ ನೌಕರನ ಕೈಯಲ್ಲಿ, ಬೇಟೆನಾಯಿಗಳಿಗಾಗಿ.

ಚಾಟಿ ಹಿಡಿದವನ ಕೆಲಸ

ಇಂಗ್ಲೆಂಡಿನ ನರಿಬೇಟೆಯಲ್ಲಿ ಯಾರೂ ಬಂದೂಕು ಹಿಡಿಯುತ್ತಿರಲಿಲ್ಲ. ನರಿಯ ಜಾಡು ಹಿಡಿಯುವುದೂ ನಾಯಿ, ಅಟ್ಟುವುದೂ ನಾಯಿ, ಕೊಲ್ಲುವುದೂ ನಾಯಿ. ಮನುಷ್ಯರು ಕುದುರೆ ಏರಿ ಬೇಲಿ, ಹಳ್ಳ ಹಾರುತ್ತ ಹಿಂದೆ ಹೋಗುತ್ತಿದ್ದರು, ಅಷ್ಟೆ. ಹಾಗಾಗಿ ಇಡೀ ವ್ಯವಸ್ಥೆ ನಿಂತಿದ್ದದ್ದು ನಾಯಿಗಳ ಹಿಂಡು ಒಟ್ಟಿಗಿರಬೇಕು ಎಂಬ ಒಂದೇ ಗಂಟಿನ ಮೇಲೆ.

ಬೇಟೆಯ ಯಜಮಾನನಿಗೆ ‘ಮಾಸ್ಟರ್’ ಎನ್ನುತ್ತಾರೆ. ನಾಯಿಗಳನ್ನು ನಡೆಸುವವನು ‘ಹಂಟ್ಸ್‌ಮನ್’. ಅವನಿಗೆ ಒಬ್ಬಿಬ್ಬರು ಸಹಾಯಕರು, ಅವರೇ ‘ವಿಪ್ಪರ್-ಇನ್’. ಮೊಲವೋ ಜಿಂಕೆಯೋ ಕುರಿಯೋ ಕಂಡು ಒಂದು ನಾಯಿ ಹಿಂಡು ಬಿಟ್ಟು ಅಡ್ಡದಾರಿ ಹಿಡಿದರೆ ವಿಪ್ಪರ್-ಇನ್ ಕುದುರೆ ಓಡಿಸಿಕೊಂಡು ಹೋಗಿ, ಅದರ ಹೆಸರು ಹಿಡಿದು ಗದರಿಸಿ, ಚಾಟಿ ಸಿಡಿಸಿ ಹಿಂದಕ್ಕೆ ಅಟ್ಟಬೇಕು. ಚಾಟಿಗೆ ಪೆಟ್ಟಿಗಿಂತ ಸದ್ದಿನದೇ ಕೆಲಸ ಹೆಚ್ಚು. ನಾಯಿ ಹೀಗೆ ತಪ್ಪು ಪ್ರಾಣಿಯ ಬೆನ್ನು ಹತ್ತುವುದಕ್ಕೆ ಬೇಟೆಯವರ ಮಾತಿನಲ್ಲಿ ‘ರಯಟ್’ ಎನ್ನುತ್ತಾರೆ. ಬೀದಿಗಲಭೆಗೆ ಬಳಸುವ ಅದೇ ಪದ.

ದಿನದ ಕೊನೆಗೆ ವಿಪ್ಪರ್-ಇನ್ ನಾಯಿಗಳನ್ನು ಎಣಿಸುತ್ತಾನೆ. ಒಂದೂ ತಪ್ಪಿಲ್ಲವಾದರೆ ‘ಆಲ್ ಆನ್’ ಎಂದು ಹಂಟ್ಸ್‌ಮನ್‌ಗೆ ಕೂಗಿ ಹೇಳುತ್ತಾನೆ, ಎಲ್ಲವೂ ಇವೆ ಎಂದು. ರೆಸಾರ್ಟಿನ ಲಾಬಿಯಲ್ಲಿ ನಿಂತು ಶಾಸಕರ ತಲೆ ಎಣಿಸಿ ಬೆಂಗಳೂರಿಗೆ ಫೋನ್ ಮಾಡುವ ಪಕ್ಷದ ಪದಾಧಿಕಾರಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ಕೆಲಸ ಮಾತ್ರ ಅದೇ.

ಬೇಟೆಯ ಬಯಲಿನ ಈ ಪದ ಸಂಸತ್ತಿಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಬ್ರಿಟಿಷ್ ಸಂಸತ್ತಿನ ಬಹುಪಾಲು ಸದಸ್ಯರು ಆಗ ಊರಿನ ಜಮೀನುದಾರರು, ಚಳಿಗಾಲವಿಡೀ ನರಿಬೇಟೆಯಲ್ಲೇ ಕಳೆಯುವವರು. ಮಂತ್ರಿಗಳು ತಮ್ಮ ಬೆಂಬಲಿಗರನ್ನು ದೂರದೂರದಿಂದ ಕರೆಸಿ ಗುಡ್ಡೆ ಹಾಕುವುದನ್ನು ಎಡ್ಮಂಡ್ ಬರ್ಕ್ 1769ರಲ್ಲಿ ಸದನದಲ್ಲೇ ಈ ಬೇಟೆಯ ಮಾತಿನಿಂದ ಬಣ್ಣಿಸಿದ. ಕೇಳಿದವರಿಗೆ ಅರ್ಥ ವಿವರಿಸಬೇಕಾದ ಅಗತ್ಯವೇ ಬೀಳಲಿಲ್ಲ. ಪದ ನಿಂತುಬಿಟ್ಟಿತು. ಮುಂದೆ ಸದಸ್ಯರಿಗೆ ಕಳಿಸುವ ಸೂಚನಾಪತ್ರಕ್ಕೂ ಅದೇ ಹೆಸರಾಯಿತು. ವಿಷಯ ಎಷ್ಟು ಮುಖ್ಯವೋ ಅಷ್ಟು ಅಡಿಗೆರೆ. ಮೂರು ಗೆರೆ ಎಳೆದಿದ್ದರೆ ಬಂದು ಪಕ್ಷ ಹೇಳಿದಂತೆ ಮತ ಹಾಕಲೇಬೇಕು.

ಭಾರತದಲ್ಲಿ ಈ ಚಾಟಿಗೆ ಕಾನೂನಿನ ಬಲ ಬಂದದ್ದು 1985ರಲ್ಲಿ, ಸಂವಿಧಾನದ 52ನೇ ತಿದ್ದುಪಡಿ ಹತ್ತನೇ ಅನುಸೂಚಿಯನ್ನು ಸೇರಿಸಿದ ಮೇಲೆ. ಇಂಗ್ಲೆಂಡಿನಲ್ಲಿ ವಿಪ್ ಮೀರಿದವನನ್ನು ಪಕ್ಷ ಹೊರಹಾಕಬಹುದು, ಸದಸ್ಯತ್ವ ಉಳಿಯುತ್ತದೆ. ಇಲ್ಲಿ ಸದಸ್ಯತ್ವಕ್ಕೇ ಕುತ್ತು. 2019ರ ಜುಲೈನಲ್ಲಿ ಹದಿನೈದು ಮಂದಿ ಅತೃಪ್ತ ಶಾಸಕರನ್ನು ಸದನಕ್ಕೆ ಬರುವಂತೆ ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ ವಿಪ್ಪಿಗೆ ಇನ್ನು ಬೆಲೆ ಏನು ಎಂಬ ಚರ್ಚೆ ವಿಧಾನಸಭೆಯಲ್ಲಿ ದಿನಗಟ್ಟಲೆ ನಡೆಯಿತು. ಜುಲೈ 23ರಂದು 99–105 ಮತಗಳಿಂದ ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಬಿತ್ತು.

ಕನ್ನಡದ ಸರ್ಕಾರಿ ಭಾಷೆ ಈ ಪದದ ವಿಷಯದಲ್ಲಿ ಬಲು ಸೌಮ್ಯ. ಚೀಫ್ ವಿಪ್ ಎಂಬುದಕ್ಕೆ ನಮ್ಮಲ್ಲಿ ‘ಮುಖ್ಯ ಸಚೇತಕ’. ಎಚ್ಚರಿಸುವವನು, ಚೇತನ ತುಂಬುವವನು. ಅನುವಾದ ಮಾಡಿದ ಪುಣ್ಯಾತ್ಮರು ಕೈಯಲ್ಲಿದ್ದ ಚಾಟಿಯನ್ನು ಮೆಲ್ಲನೆ ಕಸಿದುಕೊಂಡುಬಿಟ್ಟಿದ್ದಾರೆ.

ನಾಯಿ ಎನ್ನಬಾರದು, ಬಾಲ ಎನ್ನಬಾರದು

ವಿಪ್ ಒಂದೇ ಅಲ್ಲ, ಇಡೀ ನರಿಬೇಟೆಯೇ ಒಂದು ಪ್ರತ್ಯೇಕ ಭಾಷೆ. ಹೊರಗಿನವನು ಬಾಯಿ ತೆರೆದ ಕೂಡಲೇ ಸಿಕ್ಕಿಬೀಳುತ್ತಾನೆ.

ಮೊದಲನೆಯದಾಗಿ, ನಾಯಿಯನ್ನು ನಾಯಿ ಎನ್ನುವಂತಿಲ್ಲ. ಅದು ‘ಹೌಂಡ್’. ಅದರ ಬಾಲ ಬಾಲವಲ್ಲ, ‘ಸ್ಟರ್ನ್’. ನರಿಯ ಬಾಲ ‘ಬ್ರಷ್’, ಮುಖ ‘ಮಾಸ್ಕ್’, ಪಾದ ‘ಪ್ಯಾಡ್’. ಹೌಂಡುಗಳು ಬೊಗಳುವುದಿಲ್ಲ, ‘ಮಾತಾಡುತ್ತವೆ’. ಹಿಂಡೆಲ್ಲ ಒಟ್ಟಿಗೆ ದನಿ ತೆಗೆದರೆ ಅದು ‘ಸಂಗೀತ’. ವಾಸನೆಯೇ ಸಿಗದೆ ಸುಮ್ಮಸುಮ್ಮನೆ ದನಿ ತೆಗೆಯುವ ನಾಯಿಗೆ ‘ಬ್ಯಾಬ್ಲರ್’ ಎಂಬ ಬಿರುದು, ವಟಗುಟ್ಟುವವನು ಎಂದು. ಅಂಥದ್ದನ್ನು ನಂಬಿ ಉಳಿದವು ಓಡಿದರೆ ಇಡೀ ದಿನ ಹಾಳು. ಹಿಂಡಿನಲ್ಲಿ ಅದಕ್ಕೆ ಹೆಚ್ಚು ದಿನ ಜಾಗವಿರುವುದಿಲ್ಲ.

ಎಣಿಕೆಯೂ ಬೇರೆ. ಹೌಂಡುಗಳನ್ನು ಲೆಕ್ಕ ಹಾಕುವುದು ಜೋಡಿಗಳಲ್ಲಿ. ಮೂವತ್ತೈದು ನಾಯಿಗಳಿದ್ದರೆ ಹದಿನೇಳೂವರೆ ಜೋಡಿ. ಅರ್ಧ ಜೋಡಿ ಎಂದರೆ ಒಂಟಿ ನಾಯಿ! ನಗು ಬರುವುದು ಸಹಜ, ಆದರೆ ಕಾರಣ ರೈತರಿಗೆ ತಟ್ಟನೆ ಹೊಳೆಯುತ್ತದೆ. ಎಳೆಯ ನಾಯಿಯನ್ನು ಪಳಗಿದ ನಾಯಿಯ ಕೊರಳಪಟ್ಟಿಗೆ ಜೋಡಿಸಿ ನಡೆಸಿ ಕಲಿಸುತ್ತಾರೆ. ನಮ್ಮಲ್ಲಿ ಹೊಸ ಹೋರಿಯನ್ನು ಹಳೆಯ ಎತ್ತಿನ ಜೊತೆ ನೊಗಕ್ಕೆ ಕಟ್ಟುವುದಿಲ್ಲವೇ, ಹಾಗೆ.

ನರಿ ಕಂಡವನು ಕೂಗುವ ‘ಟ್ಯಾಲಿ ಹೋ’ ಇಂಗ್ಲಿಷ್ ಪದವೂ ಅಲ್ಲ. ಫ್ರೆಂಚ್ ಜಿಂಕೆ ಬೇಟೆಗಾರರು ನಾಯಿಗಳನ್ನು ಹುರಿದುಂಬಿಸಲು ಹಾಕುತ್ತಿದ್ದ ‘ತಾಯೋ’ ಎಂಬ ಕೂಗೇ ರೂಪ ಬದಲಿಸಿಕೊಂಡು ಬಂದದ್ದೆನ್ನುತ್ತಾರೆ. ಹಂಟ್ಸ್‌ಮನ್‌ನ ತಾಮ್ರದ ಕೊಂಬು ಸುಮಾರು ಗೇಣುದ್ದವಷ್ಟೇ, ಸ್ವರವೂ ಒಂದೇ. ಊದುವ ಉದ್ದ, ತುಂಡು, ನಡುಕದ ಮೇಲೆ ಅರ್ಥ. ತುಂಡು ತುಂಡಾಗಿ ಬೇಗ ಬೇಗ ಊದಿದರೆ ನರಿ ಪೊದೆ ಬಿಟ್ಟು ಓಡಿತು ಎಂದು. ಉದ್ದಕ್ಕೆ ನಡುಗಿಸಿ ಎಳೆದರೆ ಮನೆಗೆ ಹೊರಡೋಣ ಎಂದು.

ಪದ ತಪ್ಪಿದವನನ್ನು ಕೀಳಾಗಿ ನೋಡುವ ಚಾಳಿ ಹಳೆಯದು. 1486ರಲ್ಲಿ ಅಚ್ಚಾದ ‘ಬುಕ್ ಆಫ್ ಸೇಂಟ್ ಆಲ್ಬನ್ಸ್’ ಎಂಬ ಪುಸ್ತಕದಲ್ಲಿ ಯಾವ ಪ್ರಾಣಿಯ ಗುಂಪಿಗೆ ಯಾವ ಹೆಸರು ಎಂಬ ದೊಡ್ಡ ಪಟ್ಟಿಯೇ ಇದೆ. ಓದಿದವನು ದೊಡ್ಡಮನೆಯವನ ಹಾಗೆ ಮಾತಾಡಲಿ ಎಂದು. ಜಾತಿ ಕೇಳಬೇಕಾಗಿಲ್ಲ, ಮಾತು ಕೇಳಿದರೆ ಸಾಕು ಎಂಬ ವ್ಯವಸ್ಥೆ ನಮಗೇನೂ ಅಪರಿಚಿತವಲ್ಲ.

ನಡುಮಧ್ಯಾಹ್ನ ‘ಗುಡ್ ನೈಟ್’

ಮಾತಿನಷ್ಟೇ ಬಿಗಿ ನಡವಳಿಕೆಯದು. ಬಂದ ಕೂಡಲೇ ಮಾಸ್ಟರ್ ಬಳಿ ಹೋಗಿ ಟೋಪಿ ಮುಟ್ಟಿ ‘ಗುಡ್ ಮಾರ್ನಿಂಗ್’ ಹೇಳಬೇಕು. ಹೊರಡುವಾಗ ‘ಗುಡ್ ನೈಟ್’ ಹೇಳಬೇಕು, ಮಧ್ಯಾಹ್ನ ಎರಡಾಗಿದ್ದರೂ. ಮಾಸ್ಟರನ್ನಾಗಲಿ ಹೌಂಡುಗಳನ್ನಾಗಲಿ ದಾಟಿ ಮುಂದೆ ಕುದುರೆ ಓಡಿಸಬಾರದು. ಹೌಂಡುಗಳು ಹಾದುಹೋಗುವಾಗ ಕುದುರೆಯ ತಲೆಯನ್ನು ಅವುಗಳ ಕಡೆ ತಿರುಗಿಸಿ ನಿಲ್ಲಿಸಬೇಕು. ಹಿಂಗಾಲು ಆ ಕಡೆಗಿದ್ದರೆ ಒಂದು ಒದೆತಕ್ಕೆ ನಾಯಿ ಸಾಯಬಹುದು. ಒದೆಯುವ ಅಭ್ಯಾಸದ ಕುದುರೆಯಾದರೆ ಬಾಲಕ್ಕೆ ಕೆಂಪು ಪಟ್ಟಿ ಕಟ್ಟಬೇಕು, ಹಿಂದಿನವರು ದೂರವಿರಲಿ ಎಂದು. ರೈತನ ಗೇಟು ತೆರೆದವರು ಮುಚ್ಚಿಯೇ ಹೋಗಬೇಕು.

ಕಡೆಯ ನಿಯಮದಲ್ಲಿ ಸೌಜನ್ಯಕ್ಕಿಂತ ಲೆಕ್ಕಾಚಾರ ಜಾಸ್ತಿ. ಬೇಟೆ ನಡೆಯುವುದು ಬೇರೆಯವರ ಹೊಲದಲ್ಲಿ. ದನ ತಪ್ಪಿಸಿಕೊಂಡು ಹೋದರೆ, ಪೈರು ತುಳಿದರೆ, ಮುಂದಿನ ವಾರ ಆ ಹೊಲಕ್ಕೆ ಪ್ರವೇಶವಿಲ್ಲ.

ಮಾಸ್ಟರ್ ಮತ್ತವನ ಸಿಬ್ಬಂದಿ ತೊಡುವ ಕಡುಗೆಂಪು ಕೋಟಿಗೆ ಅವರು ‘ಪಿಂಕ್’ ಎನ್ನುತ್ತಾರೆ. ಪಿಂಕ್ ಎಂಬ ದರ್ಜಿ ಅದನ್ನು ಹೊಲಿದದ್ದರಿಂದ ಆ ಹೆಸರು ಎಂಬ ಕಥೆ ಚೆನ್ನಾಗಿದೆ. ಆದರೆ ಆಧಾರವಿಲ್ಲ.

ಊಟಿಯಲ್ಲಿ ನರಿಗೆ ಬದಲಿ

ಇಂಗ್ಲಿಷರು ಈ ಇಡೀ ಸರಂಜಾಮನ್ನು ಹಡಗಿನಲ್ಲಿ ಹೇರಿಕೊಂಡು ಇಂಡಿಯಾಕ್ಕೆ ತಂದರು. ಪೇಶಾವರ, ಬಾಂಬೆ, ಮದ್ರಾಸುಗಳಲ್ಲಿ ಹೌಂಡು ಸಾಕಿದರು. ಅಷ್ಟು ದುಡ್ಡಿಲ್ಲದ ದಂಡುಪ್ರದೇಶಗಳಲ್ಲಿ ಸಿಕ್ಕಸಿಕ್ಕ ತಳಿಯ ನಾಯಿಗಳನ್ನೆಲ್ಲ ಕೂಡಿಸಿ ಬೇಟೆ ಹೊರಟರು. ಅಂಥ ಹಿಂಡಿಗೆ ‘ಬಾಬರಿ ಪ್ಯಾಕ್’ ಎಂಬ ಹೆಸರು. ಬಾಬರಿ ಎಂದರೆ ಗದ್ದಲ; ಹಿಂದಿಯ ‘ಬಾಪ್ ರೇ’ ಎಂಬ ಉದ್ಗಾರವೇ ಹಾಗಾಯಿತು.

ದೊಡ್ಡ ತೊಡಕು ಬಿಸಿಲು. ಹೌಂಡು ಓಡುವುದು ಮೂಗಿನ ಮೇಲೆ. ನೆಲ ತಣ್ಣಗಿದ್ದು ತೇವವಿದ್ದರೆ ವಾಸನೆ ನಿಲ್ಲುತ್ತದೆ, ಸೂರ್ಯ ಏರಿದಂತೆ ಆರಿಹೋಗುತ್ತದೆ. ಹಾಗಾಗಿ ಬಯಲುಸೀಮೆಯಲ್ಲಿ ಕತ್ತಲಿರುವಾಗಲೇ ಸೇರಿ, ಬಿಸಿಲು ಬಲಿಯುವ ಮೊದಲೇ ಮುಗಿಸಬೇಕಾಗುತ್ತಿತ್ತು. ಸೀಮೆಯಿಂದ ತಂದ ನಾಯಿಗಳು ಸೆಖೆಗೆ, ರೋಗಕ್ಕೆ ಸಾಯುತ್ತಿದ್ದವು.

ಈ ಎರಡೂ ಕಷ್ಟ ಇಲ್ಲದ ಜಾಗ ಒಂದಿತ್ತು: ನೀಲಗಿರಿ. ತೋಡರ ಎಮ್ಮೆಗಳು ಮೇಯುವ ಹುಲ್ಲುಗುಡ್ಡ, ಕಣಿವೆಗೊಂದು ಶೋಲಾ ಕಾಡು, ಮಂಜು, ಚಳಿ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲೇ ಅಲ್ಲಿ ಊಟಿ ಹಂಟ್ ಶುರುವಾಯಿತು. ಮದ್ರಾಸಿನ ಗವರ್ನರಾಗಿದ್ದ ಲಾರ್ಡ್ ವೆನ್‌ಲಾಕ್ ಹೆಸರಿನ ವೆನ್‌ಲಾಕ್ ಡೌನ್ಸ್ ಬೇಟೆಯ ಬಯಲಾಯಿತು. ಇಂದು ಸಿನಿಮಾದವರು ಹಾಡು ಚಿತ್ರೀಕರಿಸಲು ಹೋಗುವ ಆ ಹಸಿರು ಇಳಿಜಾರುಗಳು ಇವೇ.

ಇಂಗ್ಲೆಂಡಿನ ಕೆಂಪು ನರಿ ಮಾತ್ರ ಅಲ್ಲಿರಲಿಲ್ಲ. ಅದರ ಜಾಗಕ್ಕೆ ನಮ್ಮ ಗುಳ್ಳೆನರಿಯನ್ನು ನೇಮಿಸಿಕೊಂಡರು. ಇಂಗ್ಲಿಷಿನಲ್ಲಿ ಇದು ದೊಡ್ಡ ರಾಜಿ, ಫಾಕ್ಸ್ ಹೋಗಿ ಜಾಕಲ್ ಬಂತು. ಕನ್ನಡದಲ್ಲಿ ಹೇಳಿದರೆ ಏನೂ ಆದಂತೆಯೇ ಇಲ್ಲ. ಅದೂ ನರಿ, ಇದೂ ನರಿ.

ಪಾಗಾ, ಲಗಾಮು, ಶಿಕಾರಿ

ಹೈದರಾಬಾದಿನ ಸುತ್ತ ಕುದುರೆ ಏರಿದವರ ಮಾತು ಬೇರೆಯೇ ಆಗಿತ್ತು. ಶಂಶಾಬಾದಿನ ಹೆಸರನ್ನು ಪೈಗಾ ಮನೆತನದ ‘ಶಂಸ್-ಉಲ್-ಉಮ್ರಾ’ ಎಂಬ ಬಿರುದಿನೊಂದಿಗೆ ಜೋಡಿಸಿ ಹೇಳುವುದು ವಾಡಿಕೆ. ನಿಜಾಮರ ಖಾಸಾ ಸವಾರಪಡೆಯನ್ನು ಪೋಷಿಸುತ್ತಿದ್ದ ಮನೆತನ ಅದು. ಪೈಗಾ ಎಂಬ ಫಾರಸಿ ಪದವೇ ನಮ್ಮ ‘ಪಾಗಾ’. ಲಗಾಮು, ಜೀನು, ರಿಕಾಬು, ನಾಲು, ಸವಾರ, ಚಾಬೂಕು, ಎಲ್ಲಕ್ಕೂ ಮಿಗಿಲಾಗಿ ಶಿಕಾರಿ, ಕನ್ನಡದ ಕುದುರೆ ಲಾಯ ಅರ್ಧಕ್ಕರ್ಧ ಫಾರಸಿ ಮಾತಾಡುತ್ತದೆ.

ದಖ್ಖನಿನ ದೊರೆಗಳಿಗೆ ನರಿಯ ಹಿಂದೆ ಓಡುವುದರಲ್ಲಿ ಯಾವ ಘನತೆಯೂ ಕಾಣುತ್ತಿರಲಿಲ್ಲ. ಅವರ ಬಯಲಾಟ ಕೃಷ್ಣಮೃಗದ್ದು, ಅದೂ ನಾಯಿಯಿಂದಲ್ಲ, ಸಿವಂಗಿಯಿಂದ. ಪಳಗಿಸಿದ ಸಿವಂಗಿಯನ್ನು, ಅಂದರೆ ಚೀತಾವನ್ನು, ಕಣ್ಣಿಗೆ ಕುಲಾವಿ ತೊಡಿಸಿ ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಹಿಂಡಿನ ಹತ್ತಿರ ಒಯ್ಯುತ್ತಿದ್ದರು. ಗಾಡಿಗೆ ಒಗ್ಗಿದ ಜಿಂಕೆಗಳು ಬೆದರುತ್ತಿರಲಿಲ್ಲ. ಕುಲಾವಿ ಕಳಚಿದರೆ ಕೆಲವೇ ಕ್ಷಣಗಳಲ್ಲಿ ಎಲ್ಲ ಮುಗಿಯುತ್ತಿತ್ತು. ನಿಜಾಮರ ಅಂಥ ಬೇಟೆಯ ಜಾಗವೊಂದು ಈಗ ವನಸ್ಥಲಿಪುರಂ ಬಳಿಯ ಮಹಾವೀರ ಹರಿಣ ವನಸ್ಥಲಿ. ಅಪಾರ್ಟ್‌ಮೆಂಟುಗಳ ನಡುವೆ ಅಲ್ಲಿ ಕೃಷ್ಣಮೃಗಗಳು ಇನ್ನೂ ಮೇಯುತ್ತಿವೆ. ಸಿವಂಗಿ ಮಾತ್ರ ದೇಶದಿಂದಲೇ ಅಳಿದುಹೋಯಿತು. 2022ರಲ್ಲಿ ನಮೀಬಿಯಾದಿಂದ ತಂದು ಕುನೊದಲ್ಲಿ ಬಿಡಬೇಕಾಯಿತು.

ನಾಯಿಯ ಗೀಳಿದ್ದ ದೊರೆಗಳು ಇರಲಿಲ್ಲವೆಂದಲ್ಲ. 1956ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೂ ನಾಯಿಗೂ ಪ್ರತ್ಯೇಕ ಭಾಗಗಳೇ ಇವೆ. ಘೋರ್ಪಡೆಯವರ ಮುಧೋಳ ಸಂಸ್ಥಾನದ ನಾಯಿ ಇಂದಿಗೂ ಮನೆಮಾತು. ಉದ್ದ ಕಾಲು, ಸಪೂರ ಸೊಂಟದ ಅದು ಮೂಗಿಗಿಂತ ಕಣ್ಣನ್ನು ನಂಬುವ ತಳಿ. ಒಣಭೂಮಿಯಲ್ಲಿ ವಾಸನೆ ಹಿಡಿದು ಕೂರುವುದಕ್ಕಿಂತ ಕಂಡ ಮೊಲವನ್ನು ಅಟ್ಟಿ ಹಿಡಿಯುವುದೇ ಜಾಣತನ. 2005ರಲ್ಲಿ ಅಂಚೆಚೀಟಿಯ ಮೇಲೂ ಅದು ಕಾಣಿಸಿಕೊಂಡಿತು.

ಸೋವಿನವರು, ಬಿಲ್ಲಿನವರು

ಟ್ಯಾಲಿ ಹೋ ಎಂಬುದಕ್ಕೆ ಕನ್ನಡದಲ್ಲೇನು ಎಂದು ಯಾರಾದರೂ ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ ಇದೆ: ಛೂ. ಒಂದಕ್ಷರ. ಬೇಟೆ ನಿಂತು ಎಷ್ಟೋ ಕಾಲವಾದರೂ ‘ತನಿಖಾ ಸಂಸ್ಥೆಗಳನ್ನು ಛೂ ಬಿಟ್ಟಿದ್ದಾರೆ’ ಎಂಬ ಹೇಳಿಕೆ ವಾರಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಬರುತ್ತದೆ. ಕಳ್ಳರಿಗೆ ಪೊಲೀಸರು ಬಲೆ ಬೀಸುತ್ತಾರೆ, ಜಾಡು ಹಿಡಿಯುತ್ತಾರೆ, ಹೊಂಚು ಹಾಕುತ್ತಾರೆ. ಅಪರಾಧ ವರದಿಗಾರನ ಅರ್ಧ ಶಬ್ದಕೋಶ ಬೇಡರ ಹಟ್ಟಿಯದು.

ಮಲೆನಾಡಿನಲ್ಲಿ ಬೇಟೆಯ ಮಾತು ಇನ್ನೂ ದಟ್ಟವಾಗಿತ್ತು. ಕುದುರೆಗೆ ಅಲ್ಲಿ ಜಾಗವೇ ಇಲ್ಲ. ಹಳುವಿನೊಳಗೆ ನುಗ್ಗುವುದು ಮನುಷ್ಯರೂ ನಾಯಿಗಳೂ. ಕೂಗು ಹಾಕುತ್ತ, ಪೊದೆ ಬಡಿಯುತ್ತ ಪ್ರಾಣಿಯನ್ನು ಎಬ್ಬಿಸಿ ಒಂದು ದಿಕ್ಕಿಗೆ ತಳ್ಳುವುದು ‘ಸೋವು’, ಹಾಗೆ ಮಾಡುವವರು ಸೋವಿನವರು. ಪ್ರಾಣಿ ಹಾದುಬರುವ ಕಂಡಿಗಳಲ್ಲಿ ಸದ್ದಿಲ್ಲದೆ ಕಾಯುವುದು ‘ಬಿಲ್ಲು’. ಕೈಯಲ್ಲಿ ಕೋವಿ ಬಂದು ತಲೆಮಾರುಗಳೇ ಆದರೂ ಕೂರುವುದು ಬಿಲ್ಲಿಗೇ. ಕುವೆಂಪು ಕಾದಂಬರಿ ಓದಿದವರಿಗೆ ಈ ಲೋಕ ಗೊತ್ತು. ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಗುತ್ತಿಯ ನಾಯಿ ಹುಲಿಯ, ಹಲವು ಮನುಷ್ಯಪಾತ್ರಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

ಇಲ್ಲೂ ರೀತಿ ರಿವಾಜು ಬಿಗಿಯೇ. ಬಿಲ್ಲಿಗೆ ಕೂತವನು ಕೆಮ್ಮುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ಪಕ್ಕದ ಬಿಲ್ಲಿನ ಕಡೆ ಗುಂಡು ಹಾರಿಸುವಂತಿಲ್ಲ. ಪಾಲಿನ ಹೊತ್ತಿಗೆ ಮೊದಲ ಈಡು ತಗುಲಿಸಿದವನಿಗೆ ವಿಶೇಷ ಹಕ್ಕು, ಸೋವಿನವರಿಗೆ ಪಾಲು, ನಾಯಿಗಳಿಗೂ ಪಾಲು. ಟೋಪಿ ಮುಟ್ಟುವುದಿಲ್ಲ, ಗುಡ್ ನೈಟ್ ಇಲ್ಲ. ಜಗಳವೇನಿದ್ದರೂ ಮಾಂಸದ ಗುಡ್ಡೆಯ ಸುತ್ತ.

ಕೊಡಗಿನಲ್ಲಿ ಇನ್ನೊಂದು ಸೋಜಿಗ. ಕೊಡವ ತಕ್ಕಿನಲ್ಲಿ ‘ನರಿ’ ಎಂದರೆ ಹುಲಿ. ಹುಲಿ ಹೊಡೆದವನಿಗೆ ಅಲ್ಲಿ ‘ನರಿಮಂಗಲ’ ಮಾಡುತ್ತಿದ್ದರು, ಥೇಟ್ ಮದುವೆಯ ಹಾಗೆ, ಕೊಂದವನನ್ನು ಹುಲಿಗೆ ಮದುಮಗನಾಗಿಸಿ. ನೀಲಗಿರಿಯ ಸಾಹೇಬರು ಅಟ್ಟಿದ ನರಿಯೇ ಬೇರೆ, ಪಕ್ಕದ ಕೊಡಗಿನ ನರಿಯೇ ಬೇರೆ.

ಬೇಟೆ ನಿಂತಿತು, ಜಾಡು ಉಳಿಯಿತು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವೆಲ್ಲಕ್ಕೂ ತೆರೆ ಎಳೆಯಿತು. ಇಂಗ್ಲೆಂಡಿನಲ್ಲಿ ನಾಯಿ ಬಿಟ್ಟು ನರಿಯನ್ನು ಕೊಲ್ಲುವುದು ನಿಷಿದ್ಧವಾದದ್ದು ಮೂವತ್ತಮೂರು ವರ್ಷ ತಡವಾಗಿ, 2005ರ ಫೆಬ್ರುವರಿ 18ರಿಂದ. ಅದನ್ನು ವಿರೋಧಿಸಿ ಅಲ್ಲಿ ಲಕ್ಷಾಂತರ ಜನ ಬೀದಿಗಿಳಿದಿದ್ದರು.

ಸ್ವಾತಂತ್ರ್ಯದ ನಂತರ ಊಟಿ ಹಂಟಿನ ಪರಂಪರೆಯನ್ನು ಮುಂದುವರಿಸಿದವರು ವೆಲಿಂಗ್ಟನ್ನಿನ ರಕ್ಷಣಾ ಸಿಬ್ಬಂದಿ ಕಾಲೇಜಿನ ಸೇನಾಧಿಕಾರಿಗಳು. ಕೆಂಪು ಕೋಟು, ಕೊಂಬು, ಮಾಸ್ಟರಿಗೆ ವಂದನೆ ಹಾಗೇ ಉಳಿದವು, ಪ್ರಾಣಿ ಮಾತ್ರ ಇಲ್ಲ. ವಾಸನೆ ಹಚ್ಚಿದ ಗಂಟನ್ನು ಮೊದಲೇ ನೆಲದ ಮೇಲೆ ಎಳೆದುಕೊಂಡು ಹೋಗಿರುತ್ತಾರೆ, ಹೌಂಡುಗಳು ಆ ಜಾಡು ಹಿಡಿದು ಓಡುತ್ತವೆ. ಪತ್ತೇದಾರಿ ಕಾದಂಬರಿ ಓದುವವರ ಬಾಯಲ್ಲಿರುವ ‘ರೆಡ್ ಹೆರಿಂಗ್’ ಕೂಡ ಇದಕ್ಕೆ ಹತ್ತಿರದ್ದೇ. ಹೊಗೆಯಲ್ಲಿ ಒಣಗಿಸಿದ ಮೀನನ್ನು ಎಳೆದು ನಾಯಿಗಳ ದಾರಿ ತಪ್ಪಿಸಿದ ಹುಡುಗನ ಕಥೆಯನ್ನು 1807ರಲ್ಲಿ ವಿಲಿಯಂ ಕಾಬೆಟ್ ಎಂಬ ಪತ್ರಕರ್ತ ಬರೆದ ಮೇಲೆ ಆ ಮಾತು ಬಳಕೆಗೆ ಬಂತು.

ಕಾಳಿ ಎಂಬ ನಾಯಿ

ಹೌಂಡುಗಳ ಹೆಸರು, ತಾಯಿ, ತಂದೆಯನ್ನೆಲ್ಲ ಪುಸ್ತಕದಲ್ಲಿ ಬರೆದಿಡುವುದು ಇಂಗ್ಲಿಷ್ ಬೇಟೆಗಾರರ ಹೆಮ್ಮೆ. ಕನ್ನಡದವರು ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಸಾವಿರ ವರ್ಷ ದಾಟಿತು.

ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಹೋರಾಡಿದ. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಸತ್ತ. ಬೂತುಗನ ಕಡೆಯ ವೀರ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ.

ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೆರ ಇಂದಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವಂತಿಲ್ಲ ಎಂದು ಶಾಸನದಲ್ಲೇ ಕಟ್ಟುಮಾಡಿದ.

ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವಿಧಾನಸೌಧದಿಂದ ಕಬ್ಬನ್ ಪಾರ್ಕಿನ ಮರಗಳ ನೆರಳಲ್ಲಿ ನಡೆದೇ ಹೋಗಬಹುದು. ಕಲ್ಲಿನ ಮೇಲ್ಭಾಗದಲ್ಲಿ ಸಾಲು ಅಕ್ಷರಗಳ ನಡುವೆ ಒಂದು ಚೌಕ. ಅದರಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ಇನ್ನೂ ಕಾದಾಡುತ್ತಿವೆ.